ಎಸ್ಪ್ರೆಸೊ ಯಂತ್ರವೋ, ಮೋಕಾ ಪಾಟೋ, ಫಿಲ್ಟರೋ?

ಗದಗದ ಗೆಳೆಯರೊಬ್ಬರು ಕೇಳಿದ್ದಾರೆ: ಮನೆಗೆ ಒತ್ತಡದಿಂದ ಕಡು ಕಾಫಿ ಇಳಿಸುವ ಎಸ್ಪ್ರೆಸೊ ಯಂತ್ರ ತರಲೇ, ಒಲೆಯ ಮೇಲಿಡುವ ಮೋಕಾ ಪಾಟ್ ಸಾಕೇ, ಇರುವ ಫಿಲ್ಟರ್‌ನಲ್ಲೇ ಮುಂದುವರಿಯಲೇ?

ಖರ್ಚಿನಲ್ಲಿ ಫಿಲ್ಟರ್ ಅಗ್ಗ, ಯಂತ್ರ ದುಬಾರಿ. ಕಾಫಿ ಬೀಜವನ್ನು ನುಣ್ಣಗೆ ಬೀಸುವ ಗ್ರೈಂಡರ್ ಇಲ್ಲದೆ ಯಂತ್ರ ಕೊಳ್ಳುವುದು ಎತ್ತಿಲ್ಲದೆ ಚಕ್ಕಡಿ ಕೊಂಡಂತೆ.

ಯಂತ್ರ ಸುಮಾರು 9 ಬಾರ್ ಒತ್ತಡದಲ್ಲಿ ಅರ್ಧ ನಿಮಿಷದೊಳಗೆ ಕಾಫಿ ಇಳಿಸುತ್ತದೆ. ಮೋಕಾ ಪಾಟ್‌ನಲ್ಲಿ ಒತ್ತಡ 1–2 ಬಾರ್ ಮಾತ್ರ. ಕಾಫಿ ಗಟ್ಟಿಯಾಗಿರುತ್ತದೆ, ಆದರೆ ಎಸ್ಪ್ರೆಸೊ ಮೇಲೆ ನಿಲ್ಲುವ ಹೊಂಬಣ್ಣದ ನೊರೆ ಇದರಲ್ಲಿ ನಿಲ್ಲುವುದಿಲ್ಲ. ಫಿಲ್ಟರಿನ ಚಿಕೋರಿ ಬೆರೆತ ಡಿಕಾಕ್ಷನ್ನಿನ ರುಚಿಯೇ ಬೇರೆ; ಅದನ್ನು ಇವುಗಳೊಂದಿಗೆ ತೂಗುವುದು ನ್ಯಾಯವಲ್ಲ.

ನಿಜವಾದ ಪರೀಕ್ಷೆ ನೀರಿನದು. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಯಂತ್ರದ ಬಾಯ್ಲರಿನಲ್ಲಿ ಸುಣ್ಣ ಕಟ್ಟುತ್ತದೆ. ಮೃದು ನೀರನ್ನೇ ಬಳಸಿ, ಕೈಪಿಡಿ ಹೇಳಿದ ದ್ರಾವಣದಿಂದ ಆಗಾಗ ಸುಣ್ಣ ತೆಗೆಯಬೇಕು. ಹಬೆ ಕೊಳವೆಯನ್ನು ಹಾಲು ಕಾಯಿಸಿದ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿ, ಒಮ್ಮೆ ಹಬೆ ಬಿಡಿ. ಒಣಗಿದ ಹಾಲು ಹಟಮಾರಿ. ಫಿಲ್ಟರಿಗೆ, ಮೋಕಾ ಪಾಟ್‌ಗೆ ತೊಳೆಯುವುದಷ್ಟೇ ಕೆಲಸ, ಮೋಕಾ ಪಾಟ್‌ನ ರಬ್ಬರ್ ಉಂಗುರ ಸವೆದಾಗ ಬದಲಿಸಬೇಕು.

ಹಬೆಯಿಂದ ನೊರೆ ಎಬ್ಬಿಸಲು ತಣ್ಣನೆಯ ಹಾಲು ಬೇಕು, 60–65 ಡಿಗ್ರಿಗೆ ನಿಲ್ಲಿಸಬೇಕು. ಎಮ್ಮೆಯ ಹಾಲು ರುಚಿಗೆ ಮೇಲು. ಕಲಿಯುವವರಿಗೆ ಆಕಳ ಹಾಲು ಸುಲಭ.

ದಿನಾ ಒಂದೆರಡು ಲೋಟ ನೊರೆಹಾಲಿನ ಕ್ಯಾಪುಚಿನೊ ಕುಡಿಯುವ, ಒರೆಸುವ ತಾಳ್ಮೆಯಿರುವ ಮನೆಗೆ ಯಂತ್ರ. ಕರೆಂಟ್ ಹೋದರೂ ಗ್ಯಾಸ್ ಮೇಲೆ ಕಡು ಕಾಫಿ ಬೇಕೆನ್ನುವವರಿಗೆ ಮೋಕಾ ಪಾಟ್, ಜೊತೆಗೆ ಹಾಲಿನ ನೊರೆಗೆ ಬ್ಯಾಟರಿಯ ಪುಟ್ಟ ಕಡೆಗೋಲು. ಒಮ್ಮೆಲೇ ಎಂಟು ಮಂದಿ ಬೀಗರು ಬಂದು ಕೂರುವ ಮನೆಯಾದರೆ ದೊಡ್ಡ ಫಿಲ್ಟರ್ ಕೊಳ್ಳಿ.