ಮಡಿಕೇರಿಯಲ್ಲಿ ಶಿಕ್ಷಕರಿಗೆ ಡಿಜಿಟಲ್ ತರಬೇತಿ: ಒಂದು ವಿಮರ್ಶೆ

ಮಡಿಕೇರಿಯ ಖಾಸಗಿ ಕೇಂದ್ರವೊಂದು ಶಿಕ್ಷಕರಿಗಾಗಿ ನಡೆಸುವ ವಾರಾಂತ್ಯದ ತರಬೇತಿಯ ಹೆಚ್ಚುಗಾರಿಕೆಯೆಂದರೆ, ಅದು ಕಂಪ್ಯೂಟರ್ ಬಳಕೆಯ ಪರಿಚಯಕ್ಕಷ್ಟೇ ನಿಲ್ಲದೆ, ಯಾವ ಪಾಠಕ್ಕೆ ಯಾವ ಸಾಧನ ಬೇಕು, ಎಲ್ಲಿ ಕಪ್ಪುಹಲಗೆಯೇ ಸಾಕು ಎಂಬ ವಿವೇಚನೆಯನ್ನೂ ಕಲಿಸುತ್ತದೆ. ಇದಕ್ಕೆ ಆಧಾರವಾಗಿರುವುದು ಯುರೋಪಿಯನ್ ಆಯೋಗವು 2017ರಲ್ಲಿ ಪ್ರಕಟಿಸಿದ ಡಿಜ್‌ಕಾಂಪ್‌ಎಡು ಚೌಕಟ್ಟು. ಅದು ಶಿಕ್ಷಕರ 22 ಡಿಜಿಟಲ್ ಸಾಮರ್ಥ್ಯಗಳನ್ನು 6 ಕ್ಷೇತ್ರಗಳಲ್ಲಿ ವಿಂಗಡಿಸಿ, ಎ1 (ಆರಂಭಿಕ) ಹಂತದಿಂದ ಸಿ2 (ಅತ್ಯುನ್ನತ) ಹಂತದವರೆಗೆ ಅಳೆಯುತ್ತದೆ.

ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಶಾಲಾ ಪಾಠಗಳ ಸರ್ಕಾರಿ ಆನ್‌ಲೈನ್ ತಾಣವಾದ ದೀಕ್ಷಾ ವೇದಿಕೆಯ ಕುರಿತ ಅವಧಿ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಪಾಠದ ವಿಡಿಯೊಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ, ಆಷಾಢದ ಮಳೆಗೆ ನೆಟ್‌ವರ್ಕ್ ಕೈಕೊಟ್ಟ ದಿನವೂ ತರಗತಿ ನಡೆಯುತ್ತದೆ. ಕೊಡಗಿನ ಶಾಲೆಗಳಿಗೆ ಇದಕ್ಕಿಂತ ಬೇಕಾದ ವಿದ್ಯೆ ಮತ್ತೊಂದಿಲ್ಲ. ವಿಡಿಯೊ ತೋರಿಸಿದ ಬಳಿಕ ತೋಟದ ಲೈನ್‌ಮನೆಗಳಿಂದ ಬರುವ, ಮನೆಯಲ್ಲಿ ಬೇರೆ ಭಾಷೆಯಾಡುವ ಮಗುವಿಗೆ ಅದೆಷ್ಟು ತಲುಪಿತು ಎಂದು ಪರೀಕ್ಷಿಸುವ ಪ್ರಶ್ನೆಗಳನ್ನು ನಮ್ಮಿಂದಲೇ ಬರೆಸಿದ್ದು ಇನ್ನೂ ಒಳ್ಳೆಯದಾಯಿತು.

ಮಕ್ಕಳ ಮಾಹಿತಿಯ ಸುರಕ್ಷತೆಯನ್ನು ಮಾತ್ರ ಅವಸರದಲ್ಲಿ ಮುಗಿಸಿದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆಯನ್ನು ಅಪೇಕ್ಷಿಸುತ್ತದೆ. ಅಂಕಪಟ್ಟಿಯ ಫೋಟೊವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ರೂಢಿಯಿರುವ ನಮ್ಮಂಥವರಿಗೆ (ಹೌದು, ಬಹುತೇಕ ಎಲ್ಲರಿಗೂ) ಇದನ್ನು ಬಿಡಿಸಿ ಹೇಳಬೇಕಿತ್ತು. ಕೈಪಿಡಿಯೂ ಪೂರ್ತಿ ಇಂಗ್ಲಿಷಿನಲ್ಲಿದೆ. ಶುಲ್ಕ ದುಬಾರಿಯಲ್ಲ, ಆದರೆ ತರಗತಿ ಸಂಜೆ ತಡವಾಗಿ ಮುಗಿಯುವುದರಿಂದ, ವಿರಾಜಪೇಟೆ, ಸೋಮವಾರಪೇಟೆ ಕಡೆಯವರು ಸೇರುವ ಮುನ್ನ ಬಸ್ಸಿನ ಸಮಯವನ್ನು ವಿಚಾರಿಸಿಕೊಳ್ಳುವುದು ಒಳಿತು.