ಕಮಾನು ನಡುಗಿದಾಗ: ಮಾತ್ರೆ, ಉಸಿರು, ಮೆಟ್ಟಿಲು

ಪಿಟೀಲಿನಲ್ಲಿ ನಿಧಾನವಾಗಿ ಎಳೆಯುವ ಸಣ್ಣ ದನಿಯ ಸ್ವರದಷ್ಟು ನಿರ್ದಯವಾದದ್ದು ಇನ್ನೊಂದಿಲ್ಲ. ವೇಗದ ಭಾಗದಲ್ಲಿ ಕೈ ನಡುಗಿದರೆ ಯಾರಿಗೂ ತಿಳಿಯುವುದಿಲ್ಲ. ಉದ್ದ ಸ್ವರದಲ್ಲಿ ಕಮಾನಿನ ನಡುಭಾಗ ತಂತಿಯ ಮೇಲೆ ಬರುತ್ತಿದ್ದಂತೆ ಕಡ್ಡಿ ತಾನಾಗಿಯೇ ಪುಟಿಯತೊಡಗುತ್ತದೆ, ಸ್ವರ ತುಂಡು ತುಂಡಾಗುತ್ತದೆ. ತಡೆಯೋಣವೆಂದು ಹೆಬ್ಬೆರಳು ಬಿಗಿದರೆ ನಡುಕ ಮಣಿಕಟ್ಟಿಗೆ, ಅಲ್ಲಿಂದ ಭುಜಕ್ಕೆ ಏರುತ್ತದೆ. ಒಮ್ಮೆ ಹೀಗಾಗಿ ನಾಲ್ಕು ದಿನ ನನಗೆ ಬಲಗೈ ಎತ್ತಲಾಗಲಿಲ್ಲ. ಹೆದರಿದ್ದು ಮನಸ್ಸು, ದಂಡ ತೆತ್ತದ್ದು ಭುಜ. ಆ ಮೇಲಿನ ಒಂದು ವರ್ಷದಲ್ಲಿ ಈ ವೇದಿಕೆ ಭಯವನ್ನು ಪಳಗಿಸಲು ಮೂರು ದಾರಿಗಳನ್ನು ಒಂದಾದ ಮೇಲೊಂದು ಹಿಡಿದು ನೋಡಿದೆ.

ಮೊದಲು ಮಾತ್ರೆ, ಏಕೆಂದರೆ ಅದಕ್ಕೆ ಅಭ್ಯಾಸ ಬೇಕಿಲ್ಲ. ಪ್ರೊಪ್ರಾನೊಲಾಲ್ 1960ರ ದಶಕದಲ್ಲಿ ಔಷಧ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಹೃದ್ರೋಗದ ಎದೆನೋವಿಗೆಂದು ರೂಪಿಸಿದ ಔಷಧ. ಹೆದರಿದಾಗ ದೇಹದಲ್ಲಿ ಉಕ್ಕುವ ಅಡ್ರಿನಲಿನ್ ಎಂಬ ಹಾರ್ಮೋನು ಹೃದಯದ ಬಾಗಿಲು ತಟ್ಟಿದರೂ ಒಳಗೆ ಕೇಳಿಸದಂತೆ ಮಾಡುವುದು ಅದರ ಕೆಲಸ. ಸಂಗೀತಗಾರರು ಅದನ್ನು ಬಹಳ ಹಿಂದೆಯೇ ತಮ್ಮದಾಗಿಸಿಕೊಂಡರು: 1987ರಲ್ಲಿ ಅಮೆರಿಕದ ಆರ್ಕೆಸ್ಟ್ರಾ ವಾದಕರ ನಡುವೆ ನಡೆದ ಸಮೀಕ್ಷೆಯಲ್ಲಿ ಶೇ 27ರಷ್ಟು ಮಂದಿ ಈ ಬಗೆಯ ಬೀಟಾ ಬ್ಲಾಕರ್ ಬಳಸುವುದಾಗಿ ಹೇಳಿದ್ದರು. ಅಪರೂಪಕ್ಕೆ ನುಂಗುವವರಲ್ಲಿ ಹೆಚ್ಚಿನವರ ಬಳಿ ವೈದ್ಯರ ಚೀಟಿಯೇ ಇರಲಿಲ್ಲ. ನಾನು ವೈದ್ಯರನ್ನು ಕಂಡೆ. ಅವರು ರಕ್ತದೊತ್ತಡ ನೋಡಿದರು, ಉಬ್ಬಸ ಇದೆಯೇ ಎಂದು ಎರಡು ಸಲ ಕೇಳಿದರು, ಕಾರ್ಯಕ್ರಮವಿಲ್ಲದ ದಿನ ಮನೆಯಲ್ಲಿ ಒಮ್ಮೆ ತೆಗೆದುಕೊಂಡು ನೋಡಲು ಹೇಳಿದರು. ಉಬ್ಬಸವಿರುವ ನನ್ನ ಕೊಳಲುಗಾರ ಗೆಳೆಯನಿಗೆ ಇದು ಖಂಡಿತ ಬೇಡವೆಂದು ಅವನ ವೈದ್ಯರು ಹೇಳಿದ್ದರು. ಸಹವಾದಕರ ಜೇಬಿನಿಂದ ಮಾತ್ರೆ ಎರವಲು ಪಡೆಯುವವರು ಇದನ್ನು ನೆನಪಿಡಬೇಕು.

ಕೆಲಸ ಮಾಡಿತೇ? ಮಾಡಿತು, ನಾಚಿಕೆಯಾಗುವಷ್ಟು ಚೆನ್ನಾಗಿ. ಕಮಾನು ಹಳಿಯ ಮೇಲಿನ ಬಂಡಿಯಂತೆ ಸಾಗಿತು. ವಿಚಿತ್ರವೆಂದರೆ ತಲೆಯೊಳಗಿನ ಗೊಣಗಾಟ ನಿಂತಿರಲಿಲ್ಲ. ‘ಈಗ ತಪ್ಪುತ್ತೀಯ’ ಎಂದು ಅದು ಹೇಳುತ್ತಲೇ ಇತ್ತು, ದೇಹ ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಧ್ವನಿಮುದ್ರಣ ಕೇಳಿದೆ. ಶ್ರುತಿ ಶುದ್ಧ, ಲಯ ಶುದ್ಧ, ಒಟ್ಟಿನಲ್ಲಿ ತಾಳೆಯಾದ ಲೆಕ್ಕಪತ್ರದ ಹಾಗಿತ್ತು. ಅದು ಮಾತ್ರೆಯ ತಪ್ಪೋ, ನಡುಕವಿಲ್ಲದ ಖುಷಿಯಲ್ಲಿ ನಾನೇ ಮೈಮರೆತದ್ದೋ, ಇನ್ನೂ ತೀರ್ಮಾನಿಸಿಲ್ಲ. ಮೂರು ಕಾರ್ಯಕ್ರಮಗಳಾದ ಮೇಲೆ ಹೊಸ ಭಯವೊಂದು ಹುಟ್ಟಿಕೊಂಡಿತು: ಮಾತ್ರೆ ಮರೆತು ಬಂದರೆ?

ಎರಡನೆಯದು ಉಸಿರು. ನಿಮಿಷಕ್ಕೆ ಸುಮಾರು ಆರು ಉಸಿರು, ಒಳಗೆಳೆದದ್ದಕ್ಕಿಂತ ಹೊರಬಿಡುವುದು ದೀರ್ಘ. ಮೊದಲ ಸಲ ನೇರವಾಗಿ ವೇದಿಕೆಯ ಪಕ್ಕದಲ್ಲೇ ಪ್ರಯತ್ನಿಸಿ ಕೆಟ್ಟೆ. ಗಾಬರಿಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಎಳೆದು ಬಿಟ್ಟು, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು, ಬೆರಳ ತುದಿಗಳು ಜುಮುಗುಟ್ಟಿದವು. ಎಡಗೈಗೆ ತಂತಿ ಎಲ್ಲಿದೆ ಎಂಬುದೇ ಸರಿಯಾಗಿ ತಿಳಿಯಲಿಲ್ಲ. ಆಮೇಲೆ ದಿನಕ್ಕೆ ಹತ್ತು ನಿಮಿಷದಂತೆ ಆರು ವಾರ ಮನೆಯಲ್ಲೇ ರೂಢಿ ಮಾಡಿಕೊಂಡೆ. ಲಾಭವಾಯಿತು, ಆದರೆ ನಾನು ಕೇಳಿದ ಕಡೆಯಲ್ಲಿ ಅಲ್ಲ: ಕಾರ್ಯಕ್ರಮದ ಹಿಂದಿನ ರಾತ್ರಿ ನಿದ್ದೆ ಬರತೊಡಗಿತು. ವೇದಿಕೆಯ ಮೇಲೆ ಅದರ ಆಯುಸ್ಸು ಕಡಿಮೆ. ದೀಪ ಮುಖಕ್ಕೆ ಬಿದ್ದ ಕ್ಷಣ ಎದೆ ಮತ್ತೆ ಡೋಲು.

ಈ ನಡುವೆ ‘ಶಾಂತನಾಗಿದ್ದೇನೆ’ ಎನ್ನುವ ಬದಲು ‘ಹುರುಪಿನಲ್ಲಿದ್ದೇನೆ’ ಎಂದು ಗಟ್ಟಿಯಾಗಿ ಹೇಳಿಕೊಳ್ಳುವುದನ್ನೂ ಮಾಡಿದೆ. ಸಂಶೋಧಕಿ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹುರುಪಿನ ಮಾತು ಹೇಳಿದವರು ಚೆನ್ನಾಗಿ ಹಾಡಿದ್ದರು. ನನಗೆ ನಗು ಬಂತು. ನಗುವೂ ಸ್ವಲ್ಪ ಬಿಗುವನ್ನು ಇಳಿಸುತ್ತದೆ.

ಮೂರನೆಯದು ಮೆಟ್ಟಿಲು, ಅಂದರೆ ಹೆದರಿಕೆಯನ್ನೇ ತಾಲೀಮು ಮಾಡುವುದು. ಮೂರು ಮಹಡಿ ಓಡಿ ಹತ್ತಿ, ಏದುಸಿರು ಇಳಿಯುವ ಮೊದಲೇ ಪಿಟೀಲು ಗದ್ದಕ್ಕೆ ಒತ್ತಿ, ಅದೇ ಉದ್ದ ಸ್ವರ. ಮೊಬೈಲ್ ಎದುರಿಗೆ, ಒಂದೇ ಸಲ, ಅಳಿಸುವಂತಿಲ್ಲ. ವಾರಕ್ಕೊಮ್ಮೆ ವೇದಿಕೆಯ ಉಡುಪು ತೊಟ್ಟು ಇಬ್ಬರು ಪರಿಚಿತರ ಮುಂದೆ. ಮೊದಲ ಎರಡು ವಾರ ಇದರಷ್ಟು ದ್ವೇಷಿಸಿದ್ದು ಬೇರೆ ಯಾವುದೂ ಇಲ್ಲ. ಆದರೆ ಕೈ ನಡುಗುತ್ತಿರುವಾಗ ಏನು ಮಾಡಬೇಕೆಂಬುದು ಕೈಗೇ ತಿಳಿಯತೊಡಗಿತು: ಹೆಬ್ಬೆರಳನ್ನು ಬಿಗಿಯದೆ ಸ್ವಲ್ಪ ಬಾಗಿಸುವುದು, ತೋಳಿನ ಭಾರವನ್ನು ತಂತಿಗೆ ಒಪ್ಪಿಸುವುದು, ಕಮಾನನ್ನು ಒಂದಿಷ್ಟು ಬೇಗ ಎಳೆಯುವುದು. ಅಂಜಿ ಅಂಜಿ ಎಳೆದ ಕಮಾನೇ ಹೆಚ್ಚು ಪುಟಿಯುತ್ತದೆ. ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಮಾಡಲಿಲ್ಲ, ಹಳೆಯ ಭುಜ ಒಪ್ಪಲಿಲ್ಲ.

ಹತ್ತು ದಿನದಲ್ಲಿ ಆಯ್ಕೆ ಪರೀಕ್ಷೆ ಇದ್ದು, ವೈದ್ಯರು ಒಪ್ಪಿದರೆ, ಮಾತ್ರೆಯನ್ನು ನಾನು ತೆಗಳುವುದಿಲ್ಲ. ಎರಡು ತಿಂಗಳ ಸಮಯವಿದ್ದರೆ ಮೆಟ್ಟಿಲು. ಉಸಿರನ್ನು ರಾತ್ರಿಗೆ ಇಟ್ಟುಕೊಂಡಿದ್ದೇನೆ. ಹೆದರಿಕೆ ವೇದಿಕೆ ಬಿಟ್ಟು ಊಟ ನಿದ್ದೆಗಳಿಗೂ ಹರಡಿದ್ದರೆ ಈ ಮೂರೂ ಸಾಲವು, ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು.

ಕಳೆದ ಸಲ ಮೊದಲೆರಡು ಎಳೆತಗಳಲ್ಲಿ ಕಮಾನು ನಡುಗಿತು, ಮೂರನೆಯದಕ್ಕೆ ನೆಲೆ ಸಿಕ್ಕಿತು. ಮನೆಗೆ ಬಂದು ಧ್ವನಿಮುದ್ರಣ ಹಾಕಿ ಆ ಎರಡು ಎಳೆತಗಳನ್ನು ಹುಡುಕಿದೆ. ಮೊದಲನೆಯದು ಕೇಳಿಸಿತು, ಎರಡನೆಯದು ಸಿಗಲಿಲ್ಲ.