ಎಣ್ಣೆ ಮಣ್ಣಿಗೆ ಲಾವಂಚ: ಸಸಿಗೆ ನಾಲ್ಕು ಸ್ಟಾರ್, ಮಾರಿದವರ ಮಾತಿಗೆ ಒಂದೇ

ಗ್ಯಾರೇಜ್ ಹಿಂದಿನ ಜಾಗದಲ್ಲಿ ಎಣ್ಣೆ ಕುಡಿದ ಮಣ್ಣು ಸರಿಯಾಗಲಿ ಅಂತ ಒಂದು ನರ್ಸರಿಯಿಂದ ಲಾವಂಚದ ಹುಲ್ಲು ತರಿಸಿದೆವು. ವರ್ಷಗಟ್ಟಲೆ ಡೀಸೆಲ್, ಸುಟ್ಟ ಆಯಿಲ್ ಬಿದ್ದು ಅಲ್ಲಿ ನೀರು ಕೂಡ ಇಂಗುತ್ತಿರಲಿಲ್ಲ. ಸಸಿ ಬಗ್ಗೆ ದೂರಿಲ್ಲ. ತೆಂಡೆಗೆ (ಬೇರುಸಹಿತ ಬಿಡಿಸಿದ ಒಂದು ಸಸಿಗೆ) 5 ರೂಪಾಯಿ, ಒದ್ದೆ ಗೋಣಿಯಲ್ಲಿ ಸುತ್ತಿ ಕಳಿಸಿದ್ದರು, ಒಣಗಿದ್ದು ಬಹಳ ಕಡಿಮೆ.

ಸಿಟ್ಟು ಬಂದಿದ್ದು ಅವರ ಮಾತಿಗೆ. "ಮೂರು ತಿಂಗಳಲ್ಲಿ ಗಿಡ ಎಣ್ಣೆ ಎಲ್ಲಾ ಕುಡಿದುಬಿಡುತ್ತೆ ಸಾರ್" ಅಂದರು. ಗಿಡ ಎಲ್ಲಿ ಎಣ್ಣೆ ಕುಡಿಯುತ್ತದೆ! ಬೇರಿನಿಂದ ಸಕ್ಕರೆಯಂಥ ಪದಾರ್ಥ ಒಸರುತ್ತದೆ, ಅದನ್ನು ತಿಂದು ಸುತ್ತಲಿನ ಬ್ಯಾಕ್ಟೀರಿಯಾ, ಶಿಲೀಂಧ್ರ ಹೆಚ್ಚುತ್ತವೆ, ಎಣ್ಣೆ ಒಡೆಯುವ ಕೆಲಸ ಹೆಚ್ಚಾಗಿ ಅವುಗಳದ್ದೇ. ಬೇರು ಮಣ್ಣು ಸಡಿಲಿಸಿ ಗಾಳಿ ಆಡುವ ಹಾಗೆ ಮಾಡುತ್ತದೆ. ಅದಕ್ಕೇ ಒತ್ತಾಗಿ ಬೇರು ಬಿಡುವ ಹುಲ್ಲಿನ ಜಾತಿ ಇದಕ್ಕೆ ಒಳ್ಳೆಯದು, ಲಾವಂಚದ ಬೇರಂತೂ ಒಳ್ಳೆ ಮಣ್ಣಲ್ಲಿ 3 ಮೀಟರ್ ಆಳಕ್ಕೂ ಇಳಿಯುತ್ತದೆ.

ಗೊಬ್ಬರದ ವಿಷಯ ಅವರು ಬಾಯೇ ಬಿಡಲಿಲ್ಲ. ಎಣ್ಣೆ ತುಂಬಾ ಇಂಗಾಲ, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳು ಮಣ್ಣಲ್ಲಿದ್ದ ಸಾರಜನಕವನ್ನೂ ಎಳೆದುಕೊಳ್ಳುತ್ತವೆ, ಗಿಡ ಹಳದಿ ತಿರುಗುತ್ತದೆ. ಕೊಟ್ಟಿಗೆ ಗೊಬ್ಬರ, ಸ್ವಲ್ಪ ಯೂರಿಯಾ ಕೊಟ್ಟ ಮೇಲೆ ನಮ್ಮದು ಚೇತರಿಸಿಕೊಂಡಿತು.

ಒಂದು ಮಳೆಗಾಲ ಕಳೆದಿದೆ. ಜನರೇಟರ್ ಪಕ್ಕ ಬರೀ ಡೀಸೆಲ್ ಬಿದ್ದ ಕಡೆ ವಾಸನೆ ಹೋಗಿದೆ, ನೀರು ಇಂಗುತ್ತಿದೆ. ಡೀಸೆಲ್‌ನ ಹಗುರ ಭಾಗ ಗಾಳಿಗೂ ಆರಿರುತ್ತದೆ, ಪೂರ್ತಿ ಹೆಸರು ಗಿಡಕ್ಕೇ ಕೊಡಲಾರೆ. ಸುಟ್ಟ ಆಯಿಲ್ ಸುರಿದ ಮೂಲೆ ಮಾತ್ರ ಹಾಗೇ ಕಪ್ಪಗಿದೆ. ಅದು ಭಾರದ ಎಣ್ಣೆ, ನಿಧಾನ. ಮೇಲಾಗಿ ಅದರಲ್ಲಿ ಸತು, ಸೀಸದಂಥ ಲೋಹ ಇರಬಹುದು, ಲೋಹವನ್ನು ಯಾವ ಬ್ಯಾಕ್ಟೀರಿಯಾವೂ ಒಡೆದು ಇಲ್ಲವಾಗಿಸುವುದಿಲ್ಲ. ಕಣ್ಣು, ಮೂಗು ನಂಬಬೇಡಿ, ಲ್ಯಾಬಿನಲ್ಲಿ ಮಣ್ಣು ಪರೀಕ್ಷೆ ಮಾಡಿಸಿ.

ದೊಡ್ಡ ಜಾಗ ಇದ್ದವರಿಗೆ ಬೇರೆ ದಾರಿ ಇದೆ: ದೆಹಲಿಯ ಟೆರಿ ಸಂಶೋಧನಾ ಸಂಸ್ಥೆ ತಯಾರಿಸಿದ ಆಯಿಲ್‌ಜ್ಯಾಪರ್. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳನ್ನು ಮೆಕ್ಕೆಜೋಳದ ದಿಂಡಿನ ಪುಡಿಗೆ ಸೇರಿಸಿದ್ದು, ರಿಫೈನರಿಗಳ ಎಣ್ಣೆ ಕೆಸರಿಗೂ ಬಳಸಿದ್ದಾರೆ. ನಮ್ಮಂಥ ಹಿತ್ತಲಿಗೆ ಅಷ್ಟೆಲ್ಲ ಬೇಡ ಅನ್ನಿಸಿತು.

ಆ ನರ್ಸರಿಯವರು ಇನ್ನೊಂದು ಸಲಹೆ ಕೊಟ್ಟರು ನೋಡಿ, "ಆಮೇಲೆ ಬೇರು ಕಿತ್ತು ಮಾರಿ, ಕಾಸಾಗುತ್ತೆ" ಅಂತ! ಜನ ಅದನ್ನು ಕುಡಿಯೋ ನೀರಿನ ಮಡಕೆಗೆ ಹಾಕುತ್ತಾರೆ, ಅಲ್ವಾ? ದಯವಿಟ್ಟು ಬೇಡ. ಹುಲ್ಲನ್ನು ದನಕ್ಕೂ ಹಾಕಬೇಡಿ. ತೆಂಡೆ ಬೇಕಿದ್ದರೆ ಅವರ ಹತ್ತಿರವೇ ಧಾರಾಳವಾಗಿ ತರಿಸಿ, ಮುಂಗಾರು ಶುರುವಾಗುವಾಗ ನೆಡಿ, ಸಲಹೆ ಮಾತ್ರ ಬೇರೆಯವರನ್ನು ಕೇಳಿ.